ಸಂಶೋಧನಾ ಪೇಪರ್ ಹುಡುಕುವುದು ಹೇಗೆ? ವಿಜ್ಞಾನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಎಂಎಸ್ಸಿ ಪ್ರಾಜೆಕ್ಟಿನ ಮೊದಲ ವಾರ. "ಲಿಟರೇಚರ್ ನೋಡ್ಕೊಂಡು ಬಾ" ಅಂತ ಗೈಡ್ ಹೇಳಿ ಕಳಿಸುತ್ತಾರೆ. ಲಿಟರೇಚರ್ ಅಂದರೆ ಆ ವಿಷಯದ ಮೇಲೆ ಈಗಾಗಲೇ ಬಂದಿರುವ ಸಂಶೋಧನಾ ಪೇಪರ್‌ಗಳು. ಎಲ್ಲಿ ನೋಡಬೇಕು, ಹೇಗೆ ನೋಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ವಿದ್ಯಾರ್ಥಿ ಹಾಸ್ಟೆಲ್‌ಗೆ ಬಂದು ಗೂಗಲ್‌ನಲ್ಲಿ ಎರಡು ಪದ ಹೊಡೆಯುತ್ತಾನೆ. ಮೊದಲ ಲಿಂಕ್ ಒತ್ತಿದರೆ ಸಾರಾಂಶ ಮಾತ್ರ ಕಾಣುತ್ತದೆ. ಪೂರ್ತಿ ಓದಬೇಕಾದರೆ ಮೂವತ್ತು ನಲವತ್ತು ಡಾಲರ್ ಕಟ್ಟಿ ಎಂಬ ಸೂಚನೆ ಬರುತ್ತದೆ. ಅಲ್ಲಿಗೆ ಅರ್ಧ ಉತ್ಸಾಹ ಇಳಿದುಹೋಗುತ್ತದೆ.

ನಾನೂ ಹಾಗೇ ಶುರು ಮಾಡಿದವನು. ಸಿಕ್ಕಿದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಡೌನ್‌ಲೋಡ್ ಮಾಡಿಕೊಂಡೆ. ಎರಡು ತಿಂಗಳಾದರೂ ಅದರಲ್ಲಿ ಹತ್ತನ್ನೂ ಓದಿರಲಿಲ್ಲ. ಓದಿದವುಗಳಲ್ಲೂ ನನ್ನ ಪ್ರಶ್ನೆಗೆ ಬೇಕಾದ ಪೇಪರ್ ಇರಲಿಲ್ಲ. ಅದು ಬೇರೊಂದು ಹೆಸರಿನಡಿ, ಬೇರೊಂದು ಕಡೆ, ಪುಕ್ಕಟೆಯಾಗಿಯೇ ಇತ್ತು. ಹುಡುಕುವುದೂ ಪಿಪೆಟ್ ಹಿಡಿಯುವ ಹಾಗೆ ಕೈಗೆ ಬರಬೇಕಾದ ಕೆಲಸ ಅಂತ ಆಗ ಗೊತ್ತಾಯಿತು. ಅದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಉದಾಹರಣೆಗೆ ನಮ್ಮ ಮಲೆನಾಡಿನದೇ ಒಂದು ವಿಷಯ ಇಟ್ಟುಕೊಳ್ಳೋಣ: ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ವೈರಸ್ ಜ್ವರಕ್ಕೆ ಪ್ರಪಂಚದ ವಿಜ್ಞಾನ ಸಾಹಿತ್ಯದಲ್ಲಿ ಆ ಕಾಡಿನ ಹೆಸರೇ ಉಳಿದಿದೆ. ನಿಮ್ಮ ವಿಷಯ ಬೇರೆಯಿದ್ದರೂ ಪರವಾಗಿಲ್ಲ, ದಾರಿ ಒಂದೇ.

ಹಂತ 1: ಮೊದಲು ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ

"ಮಂಗನ ಕಾಯಿಲೆ" ಅನ್ನುವುದು ವಿಷಯ. "ಮಂಗನ ಕಾಯಿಲೆಯ ಲಸಿಕೆ ಎಷ್ಟರ ಮಟ್ಟಿಗೆ ಕೆಲಸ ಮಾಡಿತು?" ಅನ್ನುವುದು ಪ್ರಶ್ನೆ. ಹುಡುಕಾಟಕ್ಕೆ ಬೇಕಾಗಿರುವುದು ಪ್ರಶ್ನೆ. ಒಂದು ಪೂರ್ತಿ ವಾಕ್ಯವಾಗಿ, ಕನ್ನಡದಲ್ಲೇ ಬರೆಯಿರಿ. ಬರೆದ ಮೇಲೆ ಅದರಲ್ಲಿ ತೂಕದ ಪದ ಯಾವುವು ನೋಡಿ. ಇಲ್ಲಿ ಮೂರು ಇವೆ: ಕಾಯಿಲೆ, ಲಸಿಕೆ, ಪರಿಣಾಮ. ಈ ಮೂರೇ ನಿಮ್ಮ ಹುಡುಕಾಟದ ಕಂಬಗಳು.

ಇದಕ್ಕೆ ಐದು ನಿಮಿಷ ಸಾಕು. ಬಿಟ್ಟರೆ ಐದು ದಿನ ಹೋಗುತ್ತದೆ.

ಹಂತ 2: ಒಂದೇ ವಸ್ತುವಿನ ಎಲ್ಲ ಹೆಸರುಗಳನ್ನೂ ಕೂಡಿಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಡೇಟಾಬೇಸ್‌ಗಳಲ್ಲಿ, ಅಂದರೆ ಪೇಪರ್‌ಗಳ ವಿವರ ಕೂಡಿಟ್ಟ ಆನ್‌ಲೈನ್ ಭಂಡಾರಗಳಲ್ಲಿ, ಬಹುಪಾಲು ಹುಡುಕಾಟ ನಡೆಯುವುದು ಅಕ್ಷರಗಳ ಹೊಂದಾಣಿಕೆಯ ಮೇಲೆ. ಪೇಪರ್ ಬರೆದವರು ಬೇರೆ ಪದ ಬಳಸಿದ್ದರೆ ಅದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮಂಗನ ಕಾಯಿಲೆಗೆ ಇಂಗ್ಲಿಷ್‌ನಲ್ಲಿ ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಎಂಬ ಪೂರ್ತಿ ಹೆಸರಿದೆ. ಕೆಎಫ್‌ಡಿ ಎಂಬ ಚುಟುಕು ಹೆಸರಿದೆ. ವೈರಸ್ ಬಗ್ಗೆ ಬರೆಯುವವರು ಕೆಎಫ್‌ಡಿವಿ ಅನ್ನುತ್ತಾರೆ. ಪತ್ರಿಕೆಗಳ ಪ್ರಭಾವದಿಂದ ಮಂಕಿ ಫೀವರ್ ಅನ್ನುವ ಹೆಸರೂ ಕೆಲವು ಪೇಪರ್‌ಗಳಿಗೆ ಬಂದಿದೆ. ಈ ವೈರಸ್ ಹರಡುವ ಉಣ್ಣೆಯ (ಉಣುಗು ಹುಳುವಿನ) ಬಗ್ಗೆ ಕೆಲಸ ಮಾಡಿದವರ ಪೇಪರ್‌ನ ಶೀರ್ಷಿಕೆಯಲ್ಲಿ ಕಾಯಿಲೆಯ ಹೆಸರೇ ಇಲ್ಲದೆ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆಯ ವೈಜ್ಞಾನಿಕ ಹೆಸರು ಮಾತ್ರ ಇರಬಹುದು. ಈ ಎಲ್ಲವನ್ನೂ ಒಂದು ಪಟ್ಟಿ ಮಾಡಿ.

ಊರಿನ ಹೆಸರುಗಳ ವಿಚಾರ ನಮ್ಮ ರಾಜ್ಯದ ಮೇಲೆ ಕೆಲಸ ಮಾಡುವವರಿಗೆ ತುಂಬ ಮುಖ್ಯ. 1973ರ ನವೆಂಬರ್‌ಗೆ ಮೊದಲು ಬಂದ ಪೇಪರ್‌ಗಳಲ್ಲಿ ಕರ್ನಾಟಕ ಎಂದು ಇರುವುದಿಲ್ಲ, ಮೈಸೂರು ಸ್ಟೇಟ್ ಎಂದಿರುತ್ತದೆ. 2014ಕ್ಕೆ ಮೊದಲಿನವುಗಳಲ್ಲಿ ಶಿವಮೊಗ್ಗ ಬದಲು ಶಿಮೋಗ, ಕಲಬುರಗಿ ಬದಲು ಗುಲ್ಬರ್ಗ, ಬೆಂಗಳೂರು ಬದಲು ಬ್ಯಾಂಗಲೋರ್. ಉತ್ತರ ಕನ್ನಡವನ್ನು ನಾರ್ತ್ ಕೆನರಾ ಎಂದು ಬರೆದವರಿದ್ದಾರೆ. ಹೊಸ ಹೆಸರು ಮಾತ್ರ ಹಾಕಿದರೆ ಹಳೆಯ ಕೆಲಸವೆಲ್ಲ ಕೈತಪ್ಪುತ್ತದೆ.

ಗಿಡ, ಪ್ರಾಣಿ, ಶಿಲೀಂಧ್ರಗಳಿಗೂ ಇದೇ ಮಾತು. ರಾಗಿಯನ್ನು ಫಿಂಗರ್ ಮಿಲೆಟ್ ಎಂದೂ, ಎಲ್ಯುಸಿನ್ ಕೊರಕಾನ ಎಂದೂ, ರಾಗಿ ಎಂದೂ ಹುಡುಕಬೇಕು. ಅಡಿಕೆಯ ಕೊಳೆರೋಗಕ್ಕೆ ಇಂಗ್ಲಿಷ್ ಪೇಪರ್‌ಗಳಲ್ಲಿ ಫ್ರೂಟ್ ರಾಟ್, ಮಹಾಲಿ, ಕೊಳೆರೋಗ ಎಂಬ ಮೂರೂ ಹೆಸರು ಸಿಗುತ್ತವೆ. ಹೌದು, ನಮ್ಮ ತೋಟದವರ ಮಾತು ವಿಜ್ಞಾನದೊಳಗೇ ಹೋಗಿ ಕೂತಿದೆ. ಕಾಫಿಗೆ ಬರುವ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ಹೆಸರಿಟ್ಟರು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಬರೆದಾಗಲೂ ಇದೇ ಪದ ಬಳಸಿದರು. ಹಾಗಾಗಿ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಲು ಹಿಂಜರಿಯಬೇಡಿ. ವೈಜ್ಞಾನಿಕ ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಹೊಸ ಹೆಸರಿನ ಜೊತೆ ಹಳೆಯದನ್ನೂ ಪಟ್ಟಿಗೆ ಸೇರಿಸಿ.

ಹಂತ 3: ಯಾವ ವಿಷಯಕ್ಕೆ ಯಾವ ಬಾಗಿಲು

ಎಲ್ಲ ಪೇಪರ್‌ಗಳೂ ಸಿಗುವ ಒಂದೇ ಜಾಗ ಅಂತ ಇಲ್ಲ. ನಿಮ್ಮ ವಿಷಯಕ್ಕೆ ತಕ್ಕ ಒಂದು ಡೇಟಾಬೇಸ್, ಜೊತೆಗೆ ಪೇಪರ್ ಹುಡುಕಲೆಂದೇ ಇರುವ ಗೂಗಲ್ ಸ್ಕಾಲರ್. ಇವೆರಡನ್ನು ಚೆನ್ನಾಗಿ ಕಲಿತರೆ ಶುರುವಿಗೆ ಸಾಕು.

ಜೀವವಿಜ್ಞಾನ, ವೈದ್ಯಕೀಯ, ಫಾರ್ಮಸಿ ಓದುವವರಿಗೆ ಪಬ್‌ಮೆಡ್. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಇದು 1996ರಿಂದ ಎಲ್ಲರಿಗೂ ಪುಕ್ಕಟೆ. ಮೂರೂವರೆ ಕೋಟಿಗೂ ಜಾಸ್ತಿ ಪೇಪರ್‌ಗಳ ವಿವರ ಇದರಲ್ಲಿದೆ. ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಿ. ಪಬ್‌ಮೆಡ್‌ನಲ್ಲಿರುವುದು ಶೀರ್ಷಿಕೆ ಮತ್ತು ಸಾರಾಂಶ. ಪೂರ್ತಿ ಪೇಪರ್ ಇರುವುದು ಅದರ ತಂಗಿಯಂತಿರುವ ಪಬ್‌ಮೆಡ್ ಸೆಂಟ್ರಲ್‌ನಲ್ಲಿ. ಅದು 2000ದಲ್ಲಿ ಶುರುವಾಯಿತು, ಅದೂ ಪುಕ್ಕಟೆ.

ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್‌ನವರಿಗೆ ಆರ್ಕೈವ್ (arXiv). 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಶುರು ಮಾಡಿದ್ದು. ಜರ್ನಲ್‌ಗೆ ಹೋಗುವ ಮೊದಲೇ ಲೇಖಕರು ತಮ್ಮ ಕರಡನ್ನು ಇಲ್ಲಿ ಹಾಕುತ್ತಾರೆ. ಇಂಥ ಕರಡಿಗೆ ಪ್ರಿಪ್ರಿಂಟ್ ಅನ್ನುತ್ತಾರೆ. 20 ಲಕ್ಷಕ್ಕೂ ಜಾಸ್ತಿ ಪೇಪರ್ ಇವೆ, ಎಲ್ಲವೂ ಪೂರ್ತಿಯಾಗಿ ಓದಲು ಸಿಗುತ್ತವೆ. ಜೀವವಿಜ್ಞಾನಕ್ಕೆ ಇದೇ ಮಾದರಿಯ ಬಯೋಆರ್ಕೈವ್, ರಸಾಯನಶಾಸ್ತ್ರಕ್ಕೆ ಕೆಮ್‌ಆರ್ಕೈವ್ ಇವೆ. ಪ್ರಿಪ್ರಿಂಟ್‌ಗಳನ್ನು ಬೇರೆ ತಜ್ಞರು ಪರಿಶೀಲಿಸಿರುವುದಿಲ್ಲ ಅನ್ನುವುದು ನೆನಪಿರಲಿ. ಉಲ್ಲೇಖಿಸುವ ಮೊದಲು ಅದೇ ಕೆಲಸ ಜರ್ನಲ್‌ನಲ್ಲಿ ಬಂದಿದೆಯಾ ನೋಡಿ, ಬಂದಿದ್ದರೆ ಅದನ್ನೇ ಉಲ್ಲೇಖಿಸಿ.

ಖಗೋಳ ವಿಜ್ಞಾನಕ್ಕೆ ನಾಸಾದ ಎಡಿಎಸ್, ಗಣಿತಕ್ಕೆ 2021ರಿಂದ ಪುಕ್ಕಟೆಯಾಗಿರುವ ಝಡ್‌ಬಿಮ್ಯಾತ್, ಎಲೆಕ್ಟ್ರಾನಿಕ್ಸ್‌ಗೆ ಐಇಇಇ ಎಕ್ಸ್‌ಪ್ಲೋರ್. ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಿಗೆ ಕೃಷಿಕೋಶ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಲ್ಲ ವಿಷಯಗಳಿಗೂ ಇವೆ, ಆದರೆ ಚಂದಾ ಕಟ್ಟಿದ ಸಂಸ್ಥೆಯವರಿಗೆ ಮಾತ್ರ ಪೂರ್ತಿ ತೆರೆಯುತ್ತವೆ. ನಿಮ್ಮ ಲೈಬ್ರರಿಯಲ್ಲಿ ಇದೆಯಾ ಕೇಳಿ. ಇಲ್ಲದಿದ್ದರೂ ಚಿಂತೆ ಬೇಡ.

ಹಂತ 4: ಪಬ್‌ಮೆಡ್‌ನಲ್ಲಿ ಒಂದು ಹುಡುಕಾಟ, ಜೊತೆಯಲ್ಲಿ ಕೂತು

ಈಗ ಕಂಪ್ಯೂಟರ್ ತೆರೆಯೋಣ. ಪಬ್‌ಮೆಡ್‌ನ ಮುಖಪುಟದಲ್ಲಿ ಹುಡುಕುವ ಪೆಟ್ಟಿಗೆಯ ಕೆಳಗೆ ಅಡ್ವಾನ್ಸ್‌ಡ್ ಎಂದಿದೆ. ಅದನ್ನು ಒತ್ತಿ. ಎಲ್ಲವನ್ನೂ ಒಂದೇ ಸಾಲಿನಲ್ಲಿ ತುಂಬದೆ ಕಂಬಕ್ಕೊಂದರಂತೆ ಬೇರೆ ಬೇರೆಯಾಗಿ ಹುಡುಕುವುದು ಇಲ್ಲಿಯ ಉಪಾಯ.

ಮೊದಲು ಕಾಯಿಲೆಯ ಎಲ್ಲ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ನಡುವೆ ಆರ್ (OR) ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಹಾಕಿ. ಆರ್ ಅಂದರೆ ಇದಾದರೂ ಸರಿ, ಅದಾದರೂ ಸರಿ. ಫಲಿತಾಂಶ ಹಿಗ್ಗುತ್ತದೆ. ಎರಡು ಮೂರು ಪದಗಳ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿದರೆ ಆ ಪದಗಳು ಅದೇ ಕ್ರಮದಲ್ಲಿ ಇರುವ ಪೇಪರ್ ಮಾತ್ರ ಬರುತ್ತವೆ. ಒತ್ತಿ ನೋಡಿ, ಎಷ್ಟು ಬಂತು ಬರೆದುಕೊಳ್ಳಿ.

ಎರಡನೆಯದಾಗಿ ಲಸಿಕೆ. ವ್ಯಾಕ್ಸೀನ್, ವ್ಯಾಕ್ಸಿನೇಷನ್, ವ್ಯಾಕ್ಸೀನ್ಸ್ ಎಂದೆಲ್ಲ ಬರೆಯುವ ಬದಲು ವ್ಯಾಕ್ಸಿನ್ (vaccin) ಎಂಬಷ್ಟು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಆ ಬೇರಿನಿಂದ ಹುಟ್ಟುವ ಎಲ್ಲ ಪದಗಳೂ ಸೇರುತ್ತವೆ.

ಈಗ ಅಡ್ವಾನ್ಸ್‌ಡ್ ಪುಟಕ್ಕೆ ವಾಪಸ್ ಹೋದರೆ ನಿಮ್ಮ ಎರಡೂ ಹುಡುಕಾಟಗಳು ಒಂದು, ಎರಡು ಎಂಬ ಸಂಖ್ಯೆಯೊಂದಿಗೆ ಕೆಳಗೆ ಕಾಣುತ್ತವೆ. ಆ ಎರಡನ್ನೂ ಆಂಡ್ (AND) ಎಂಬ ಪದದಿಂದ ಜೋಡಿಸಿ. ಆಂಡ್ ಅಂದರೆ ಎರಡೂ ಇರಲೇಬೇಕು. ಸಾವಿರಗಟ್ಟಲೆ ಇದ್ದದ್ದು ಕುಳಿತು ಓದಬಹುದಾದಷ್ಟಕ್ಕೆ ಇಳಿಯುತ್ತದೆ. ನಾಟ್ ಎಂಬ ಮೂರನೆಯ ಪದವೂ ಇದೆ. ಅದನ್ನು ಬಳಸಬೇಡಿ ಅನ್ನುವುದೇ ನನ್ನ ಸಲಹೆ. ಬೇಡದ್ದನ್ನು ತೆಗೆಯುವ ಭರದಲ್ಲಿ ಬೇಕಾದ್ದೂ ಹೋಗಿಬಿಡುತ್ತದೆ.

ಮೂರನೆಯ ಕಂಬ, ಅಂದರೆ ಪರಿಣಾಮ, ಇನ್ನೂ ಹಾಕಿಲ್ಲ ಅಲ್ವಾ? ಬೇಕಂತಲೇ ಬಿಟ್ಟಿದ್ದೇನೆ. ಎರಡು ಕಂಬಕ್ಕೇ ಫಲಿತಾಂಶ ಕೈಗೆ ಸಿಗುವಷ್ಟಾಗಿದ್ದರೆ ಮೂರನೆಯದು ಬೇಡ. ಜಾಸ್ತಿ ಪದ ಹಾಕಿದಷ್ಟೂ ಒಳ್ಳೆಯ ಪೇಪರ್‌ಗಳು ಜಾರಿಹೋಗುತ್ತವೆ.

ಇನ್ನೊಂದು ಒಳ್ಳೆಯ ಸಾಧನ ಮೆಶ್. ಪ್ರತಿ ಪೇಪರ್‌ನ ವಿಷಯ ಏನು ಎಂದು ಪಬ್‌ಮೆಡ್ ನಡೆಸುವ ಲೈಬ್ರರಿಯೇ ಒಂದು ನಿಗದಿತ ಪದಪಟ್ಟಿಯಿಂದ ಚೀಟಿ ಅಂಟಿಸುತ್ತದೆ. ಲೇಖಕರು ಯಾವ ಪದ ಬಳಸಿದ್ದರೂ ಚೀಟಿ ಒಂದೇ. ಕ್ಯಾಸನೂರು ಕಾಯಿಲೆಗೂ ಅಂಥದ್ದೊಂದು ಚೀಟಿ ಇದೆ. ಮೆಶ್ ಡೇಟಾಬೇಸ್‌ನಲ್ಲಿ ನಿಮ್ಮ ವಿಷಯದ ಚೀಟಿ ಯಾವುದು ಎಂದು ಹುಡುಕಿ, ಅದನ್ನೂ ಆರ್ ಮೂಲಕ ಮೊದಲ ಕಂಬಕ್ಕೆ ಸೇರಿಸಿ. ಚೀಟಿಯನ್ನೇ ನಂಬಿ ಸಾಮಾನ್ಯ ಪದ ಬಿಡಬೇಡಿ, ಏಕೆಂದರೆ ಪಬ್‌ಮೆಡ್‌ನ ಎಲ್ಲ ಪೇಪರ್‌ಗಳಿಗೂ ಚೀಟಿ ಇರುವುದಿಲ್ಲ.

ಹಳೆಯ ಕೆಲಸ ಹುಡುಕುವವರು ಒಂದು ವಿಷಯ ತಿಳಿದಿರಬೇಕು. 1975ಕ್ಕೆ ಮೊದಲಿನ ಬಹುತೇಕ ಪೇಪರ್‌ಗಳಿಗೆ ಪಬ್‌ಮೆಡ್‌ನಲ್ಲಿ ಸಾರಾಂಶ ಇಲ್ಲ, ಶೀರ್ಷಿಕೆ ಮಾತ್ರ. ಕ್ಯಾಸನೂರಿನ ಮೇಲಿನ 1957ರಿಂದ 60ರ ದಶಕದವರೆಗಿನ ಅಡಿಪಾಯದ ಕೆಲಸವೆಲ್ಲ ಆ ಕಾಲದ್ದು. ಅವುಗಳಿಗಾಗಿ ಲಸಿಕೆ, ಪರಿಣಾಮ ಎಂಬ ಕಂಬಗಳನ್ನು ತೆಗೆದು, ಕಾಯಿಲೆಯ ಹೆಸರು ಮತ್ತು ವರ್ಷದ ಮಿತಿ ಮಾತ್ರ ಇಟ್ಟು ಹುಡುಕಿ.

ಎಡಗಡೆ ಕಾಣುವ ಫಿಲ್ಟರ್‌ಗಳಲ್ಲಿ ರಿವ್ಯೂ ಎಂಬುದನ್ನು ಮೊದಲು ಒತ್ತಿ. ಆ ಕ್ಷೇತ್ರದ ಕೆಲಸವನ್ನೆಲ್ಲ ಒಟ್ಟು ಮಾಡಿ ಬರೆದ ಪೇಪರ್‌ಗಳು ಬರುತ್ತವೆ. ಹೊಸ ವಿಷಯಕ್ಕೆ ಕಾಲಿಡುವವರು ಈಚಿನ ಎರಡು ರಿವ್ಯೂ ಓದಿ ಶುರು ಮಾಡುವುದು ಒಳ್ಳೆಯದು. ಫ್ರೀ ಫುಲ್ ಟೆಕ್ಸ್ಟ್ ಎಂಬ ಫಿಲ್ಟರ್ ಮಾತ್ರ ಈಗಲೇ ಒತ್ತಬೇಡಿ. ಪುಕ್ಕಟೆ ಸಿಗುವುದನ್ನಷ್ಟೇ ಓದಿ ಲಿಟರೇಚರ್ ರಿವ್ಯೂ ಬರೆದರೆ ಚಿತ್ರ ಅರ್ಧ ಆಗುತ್ತದೆ. ಏನೇನು ಇದೆ ಎಂದು ಮೊದಲು ತಿಳಿಯಲಿ, ಪಡೆಯುವ ದಾರಿ ಆಮೇಲೆ.

ಹಂತ 5: ಒಂದು ಪೇಪರ್‌ನಿಂದ ಇನ್ನೊಂದಕ್ಕೆ

ಗೂಗಲ್ ಸ್ಕಾಲರ್ 2004ರ ನವೆಂಬರ್‌ನಲ್ಲಿ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಖರಗ್‌ಪುರ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ. ಸ್ಕಾಲರ್‌ನ ಗುಣ ಅಂದರೆ ಪೇಪರ್‌ನ ಒಳಗಿನ ಪಠ್ಯವನ್ನೂ ಹುಡುಕುತ್ತದೆ, ಹಾಗಾಗಿ ಬೇರೆಲ್ಲೂ ಸಿಗದ್ದು ಸಿಗುತ್ತದೆ. ದೋಷ ಅಂದರೆ ಒಳ್ಳೆಯದರ ಜೊತೆ ಕಸವೂ ಬರುತ್ತದೆ, ಮತ್ತು ಎಷ್ಟೇ ಫಲಿತಾಂಶ ಇದೆ ಅಂದರೂ ಮೊದಲ ಸಾವಿರವನ್ನಷ್ಟೇ ತೋರಿಸುತ್ತದೆ.

ನನ್ನ ಪ್ರಕಾರ ಅದರ ನಿಜವಾದ ಬೆಲೆ ಇರುವುದು ಪ್ರತಿ ಫಲಿತಾಂಶದ ಕೆಳಗೆ ಸಣ್ಣಗೆ ಕಾಣುವ ಸೈಟೆಡ್ ಬೈ ಎಂಬ ಲಿಂಕ್‌ನಲ್ಲಿ. ಒಂದು ಪೇಪರ್‌ನ ಕೊನೆಯಲ್ಲಿರುವ ರೆಫರೆನ್ಸ್ ಪಟ್ಟಿ ನಿಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತದೆ. ಸೈಟೆಡ್ ಬೈ ಮುಂದಕ್ಕೆ ಕರೆದೊಯ್ಯುತ್ತದೆ, ಅಂದರೆ ಆ ಪೇಪರ್ ಬಂದಮೇಲೆ ಅದನ್ನು ಓದಿ ಯಾರು ಏನು ಮಾಡಿದರು ಅನ್ನುವುದು.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಲಸಿಕೆಯ ಪ್ರಶ್ನೆಯೇ ಸಾಕ್ಷಿ. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಲಸಿಕೆ ಪ್ರಯೋಗದ ಪೇಪರ್ 1994ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂತು. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 93.5 ಎಂದು ಅದು ಹೇಳಿತು. ಅಷ್ಟನ್ನೇ ಓದಿ ನಿಲ್ಲಿಸಿದವರು ಲಸಿಕೆ ತುಂಬ ಚೆನ್ನಾಗಿದೆ ಎಂದು ಬರೆದುಬಿಡುತ್ತಾರೆ. ಅದೇ ಪೇಪರ್‌ನ ಸೈಟೆಡ್ ಬೈ ಒತ್ತಿ ಮುಂದೆ ಬನ್ನಿ. 2013ರಲ್ಲಿ ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಎಂಬ ಜರ್ನಲ್‌ನಲ್ಲಿ ಬಂದ ಪೇಪರ್ ಸಿಗುತ್ತದೆ. 2005ರಿಂದ 2010ರವರೆಗಿನ ಅನುಭವ ನೋಡಿದರೆ ಎರಡು ಡೋಸ್‌ಗೆ ಶೇ 62.4, ಜೊತೆಗೆ ಬೂಸ್ಟರ್ ಪಡೆದವರಲ್ಲಿ ಶೇ 82.9 ಎಂದು ಅದರಲ್ಲಿದೆ. ಅದೇ ಲಸಿಕೆ, ಅದೇ ರಾಜ್ಯ, ಬೇರೆ ಉತ್ತರ. ಏಕೆ ಹೀಗಾಯಿತು? ಆ ಪ್ರಶ್ನೆಯಿಂದಲೇ ಒಂದು ಒಳ್ಳೆಯ ಪ್ರಾಜೆಕ್ಟ್ ಹುಟ್ಟುತ್ತದೆ. ನನ್ನ ಜೊತೆ ಕೂತು ಇದನ್ನು ಮಾಡಿದ ವಿದ್ಯಾರ್ಥಿನಿಯೊಬ್ಬಳು ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದಿಟ್ಟು, ಎರಡೂ ಸಂಖ್ಯೆಗಳ ಮೇಲೆ ಬೆರಳಿಟ್ಟು, "ಹಾಗಾದ್ರೆ ಯಾವುದು ಸರಿ ಸರ್?" ಅಂತ ಕೇಳಿದ್ದು ಇನ್ನೂ ನೆನಪಿದೆ. ಲಿಟರೇಚರ್ ರಿವ್ಯೂ ಅಂದರೆ ಏನು ಅಂತ ಅವಳಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಹಿಂದಕ್ಕೂ ಮುಂದಕ್ಕೂ ಹೀಗೆ ಹೋಗುತ್ತಿದ್ದರೆ ಒಂದು ಹಂತದಲ್ಲಿ ಅದೇ ಪೇಪರ್‌ಗಳು ಮತ್ತೆ ಮತ್ತೆ ಎದುರಾಗುತ್ತವೆ. ಆಗ ಹುಡುಕಾಟ ನಿಲ್ಲಿಸಬಹುದು.

ಹಂತ 6: ಪೂರ್ತಿ ಪೇಪರ್ ಕೈಗೆ ಬರುವುದು ಹೇಗೆ

ದುಡ್ಡು ಕಟ್ಟುವ ಮಾತು ಎಲ್ಲಕ್ಕಿಂತ ಕೊನೆಗಿರಲಿ. ಅದಕ್ಕೆ ಮೊದಲು ನೋಡಬೇಕಾದ ದಾರಿಗಳು ಬಹಳ ಇವೆ.

ನೀವು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ ಅಥವಾ ಕೇಂದ್ರದ ಸಂಶೋಧನಾ ಸಂಸ್ಥೆಯಲ್ಲಿದ್ದರೆ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯ ಬಗ್ಗೆ ಲೈಬ್ರರಿಯಲ್ಲಿ ಇವತ್ತೇ ಕೇಳಿ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದ ಜರ್ನಲ್‌ಗಳು ಈಗ ತಾಲ್ಲೂಕಿನ ಸರ್ಕಾರಿ ಕಾಲೇಜಿನ ಕಂಪ್ಯೂಟರ್‌ನಲ್ಲೂ ತೆರೆಯಬಹುದು. ಇದು ನನಗೆ ತುಂಬ ಖುಷಿ ಕೊಟ್ಟ ಸಂಗತಿ. ಆದರೆ ತಮ್ಮ ಕಾಲೇಜಿಗೆ ಈ ಸೌಲಭ್ಯ ಇದೆ ಎಂದೇ ಗೊತ್ತಿಲ್ಲದ ವಿದ್ಯಾರ್ಥಿಗಳು ಎಷ್ಟೋ ಜನ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಇದನ್ನು ನಡೆಸುತ್ತದೆ. ಕ್ಯಾಂಪಸ್‌ನ ಇಂಟರ್‌ನೆಟ್‌ನಲ್ಲಿ ನೇರವಾಗಿ ತೆರೆಯುತ್ತದೆ. ಮನೆಯಿಂದ ಓದಬೇಕಾದರೆ ಇನ್‌ಫೆಡ್ ಎಂಬ ಲಾಗಿನ್ ಬೇಕು, ಅದನ್ನು ಮಾಡಿಕೊಡಬೇಕಾದವರು ನಿಮ್ಮ ಲೈಬ್ರೇರಿಯನ್. ಹೆಸರು, ರಿಜಿಸ್ಟರ್ ನಂಬರ್, ಕಾಲೇಜಿನ ಇಮೇಲ್ ಬರೆದುಕೊಂಡು ಹೋಗಿ ಕೇಳಿ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಇದರಲ್ಲಿ ಸೇರಿಲ್ಲ.

ಖಾಸಗಿ ಕಾಲೇಜಿನವರು, ಕಾಲೇಜು ಬಿಟ್ಟವರು ಹೀಗೆ ಮಾಡಿ. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಪೇಪರ್‌ನ ಪುಟದಲ್ಲಿದ್ದಾಗ ಪಕ್ಕದಲ್ಲಿ ಒಂದು ಬೀಗದ ಚಿತ್ರ ಕಾಣುತ್ತದೆ. ಅದು ಹಸಿರಾಗಿ, ತೆರೆದ ಬೀಗವಾಗಿ ಕಂಡರೆ ಕಾನೂನುಬದ್ಧವಾದ ಪುಕ್ಕಟೆ ಪ್ರತಿ ಎಲ್ಲೋ ಇದೆ ಅಂತ ಅರ್ಥ. ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಆಲ್ ವರ್ಷನ್ಸ್ ಎಂಬುದನ್ನೂ ಒತ್ತಿ ನೋಡಿ. ಜರ್ನಲ್‌ನಲ್ಲಿ ಬೀಗ ಬಿದ್ದಿರುವ ಪೇಪರ್ ಲೇಖಕರ ಸಂಸ್ಥೆಯ ಭಂಡಾರದಲ್ಲಿ ತೆರೆದೇ ಇರಬಹುದು. ನಮ್ಮ ಐಐಎಸ್‌ಸಿಗೂ ಇಪ್ರಿಂಟ್ಸ್ ಎಂಬ ಅಂಥ ಭಂಡಾರವಿದೆ.

ಅದೂ ಆಗದಿದ್ದರೆ ಲೇಖಕರಿಗೇ ಬರೆಯಿರಿ. ಸಂಕೋಚ ಬೇಡ, ಇದು ವಿಜ್ಞಾನದ ಹಳೆಯ ಪದ್ಧತಿ. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ತಮ್ಮ ಹೊಸ ವಿಕಿರಣದ ಬಗ್ಗೆ ಭಾಷಣ ಮಾಡಿದರು. ಅದನ್ನು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ದೇಶವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ತಮ್ಮ ಕೆಲಸವನ್ನು ಯಾರಾದರೂ ಓದಲಿ ಎಂದೇ ಲೇಖಕರಿಗೂ ಇರುವುದು. ಪೇಪರ್‌ನ ಮೊದಲ ಪುಟದಲ್ಲಿ ಒಬ್ಬ ಲೇಖಕರ ಹೆಸರಿನ ಪಕ್ಕ ನಕ್ಷತ್ರ ಅಥವಾ ಲಕೋಟೆಯ ಗುರುತು ಇರುತ್ತದೆ, ಅವರಿಗೆ ಇಮೇಲ್ ಮಾಡಿ. ನಾಲ್ಕು ಸಾಲು ಸಾಕು: ನೀವು ಯಾರು, ಎಲ್ಲಿ ಓದುತ್ತಿದ್ದೀರಿ, ಅವರ ಯಾವ ಪೇಪರ್ ಬೇಕು, ನಿಮ್ಮ ಯಾವ ಕೆಲಸಕ್ಕೆ. ಪೇಪರ್‌ನ ಪೂರ್ತಿ ಶೀರ್ಷಿಕೆ ಮತ್ತು ವರ್ಷ ಇರಲಿ. ವಾರದೊಳಗೆ ಉತ್ತರ ಬರದಿದ್ದರೆ ಎರಡನೆಯ ಲೇಖಕರಿಗೆ ಬರೆಯಿರಿ.

ಪ್ರಕಾಶಕರ ಅನುಮತಿಯಿಲ್ಲದೆ ಪೇಪರ್‌ಗಳನ್ನು ಪುಕ್ಕಟೆ ಕೊಡುವ ಸೈ-ಹಬ್ ಎಂಬ ತಾಣದ ವಿಚಾರ ಎಲ್ಲರೂ ಕೇಳುತ್ತಾರೆ. ಅದರ ಮೇಲೆ ಮೂರು ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದರು. ಅದನ್ನು ಭಾರತದಲ್ಲಿ ತಡೆಯಬೇಕೆಂದು 2025ರ ಆಗಸ್ಟ್‌ನಲ್ಲಿ ಕೋರ್ಟ್ ಆದೇಶಿಸಿತು. ಮೇಲೆ ಹೇಳಿದ ದಾರಿಗಳನ್ನು ಬಳಸಿದರೆ ಅದರ ಗೊಡವೆ ಬೇಕಾಗುವುದಿಲ್ಲ.

ಹಂತ 7: ನಮ್ಮಲ್ಲೇ ಇರುವ ಭಂಡಾರಗಳು

ಪಿಎಚ್‌ಡಿಗೆ ವಿಷಯ ಹುಡುಕುವವರು ಶೋಧಗಂಗಾ ನೋಡದೆ ಸಿನಾಪ್ಸಿಸ್ ಬರೆಯಬಾರದು. ಭಾರತದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಥೀಸಿಸ್‌ಗಳು ಅಲ್ಲಿವೆ, ಎಲ್ಲವೂ ಪುಕ್ಕಟೆ. ನಿಮ್ಮ ವಿಷಯದಲ್ಲಿ ಈಗಾಗಲೇ ಯಾರಾದರೂ ಕೆಲಸ ಮಾಡಿದ್ದಾರಾ ಗೊತ್ತಾಗುತ್ತದೆ. ಥೀಸಿಸ್‌ನ ಎರಡನೆಯ ಅಧ್ಯಾಯದಲ್ಲಿ ಹಳೆಯ ಕೆಲಸದ ಪಟ್ಟಿ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ. ವಿಧಾನಗಳ ಅಧ್ಯಾಯದಲ್ಲಿ ಪೇಪರ್‌ನಲ್ಲಿ ಬಿಟ್ಟುಹೋದ ಸಣ್ಣ ಸಣ್ಣ ವಿವರವೂ ಸಿಗುತ್ತದೆ.

ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್‌ಗಳನ್ನು ಅಕಾಡೆಮಿಯ ಸೈಟ್‌ನಲ್ಲೇ ಓದಬಹುದು: ಭೌತಶಾಸ್ತ್ರಕ್ಕೆ ಪ್ರಮಾಣ, ಎಂಜಿನಿಯರಿಂಗ್‌ಗೆ ಸಾಧನಾ, ಜೀವವಿಜ್ಞಾನಕ್ಕೆ ಜರ್ನಲ್ ಆಫ್ ಬಯೋಸೈನ್ಸಸ್. ಬಿಎಸ್ಸಿ ಮಕ್ಕಳಿಗೆ ನಾನು ಮೊದಲು ತೋರಿಸುವುದು 1996ರಿಂದ ಬರುತ್ತಿರುವ ರೆಸೊನೆನ್ಸ್. ಅದು ವಿದ್ಯಾರ್ಥಿಗಳಿಗಾಗಿಯೇ ಇರುವ ಪತ್ರಿಕೆ, ಕಷ್ಟದ ವಿಷಯವನ್ನೂ ಬಿಡಿಸಿ ಹೇಳುತ್ತದೆ. ಮೊದಲ ಬಾರಿ ಪೇಪರ್ ಓದುವ ಭಯ ಅಲ್ಲಿ ಹೋಗುತ್ತದೆ. 1932ರಿಂದ ಇರುವ ಕರೆಂಟ್ ಸೈನ್ಸ್ ಕೂಡ ಬೆಂಗಳೂರಿನದೇ.

ಹಂತ 8: ಸಿಕ್ಕಿದ್ದು ನಂಬಬಹುದಾ?

"ನಿಮ್ಮ ಪೇಪರ್ ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಟ್ಟಿ" ಎಂಬ ಮೇಲ್ ನಿಮಗೂ ಬಂದಿರಬಹುದು. ಇಂಥ ಜರ್ನಲ್‌ಗಳಲ್ಲಿ ಯಾರೂ ಏನನ್ನೂ ಪರಿಶೀಲಿಸುವುದಿಲ್ಲ. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್‌ನ ಎರಡು ತಿಂಗಳ ಹಣವನ್ನು ಹೀಗೆ ಕಳೆದುಕೊಂಡಳು. ಆ ಪೇಪರ್ ಆಮೇಲೆ ಎಲ್ಲೂ ಲೆಕ್ಕಕ್ಕೆ ಬರಲಿಲ್ಲ. ಹಣಕ್ಕಿಂತ ಅವಳ ಎರಡು ವರ್ಷದ ಕೆಲಸ ಅಲ್ಲಿ ಸಿಕ್ಕಿಹಾಕಿಕೊಂಡದ್ದು ಜಾಸ್ತಿ ನೋವಿನ ಸಂಗತಿ.

ಓದುವಾಗಲೂ, ಪ್ರಕಟಿಸುವಾಗಲೂ ಒಂದೇ ಪರೀಕ್ಷೆ. ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ನಂಬರನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ, ಹೆಸರು ತಾಳೆಯಾಗುತ್ತಾ ನೋಡಿ. ಪುಕ್ಕಟೆ ಓದಲು ಬಿಡುವ ಜರ್ನಲ್ ಆಗಿದ್ದರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿದೆಯಾ ನೋಡಿ. ಸ್ಕೋಪಸ್‌ನಲ್ಲಿದೆ ಎಂದು ಅವರು ಹೇಳಿಕೊಂಡರೆ ಸ್ಕೋಪಸ್‌ನ ಜರ್ನಲ್ ಪಟ್ಟಿಯನ್ನು ನೀವೇ ತೆರೆದು ನೋಡಿ, ಆ ಪಟ್ಟಿಗೆ ಚಂದಾ ಬೇಡ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಪ್ರಾಧ್ಯಾಪಕರು ತಮ್ಮ ಸ್ವಂತ ಪುಟದಲ್ಲಿ ಆ ಜರ್ನಲ್ ಬಗ್ಗೆ ಹೇಳಿಕೊಂಡಿದ್ದಾರಾ? ಇದೂ ಒಂದು ಒಳ್ಳೆಯ ಸುಳಿವು. ಮೊದಲೆಲ್ಲ ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ನೋಡಿ ಅನ್ನುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನು ನಿಲ್ಲಿಸಿದರು. "ಯುಜಿಸಿ ಕೇರ್ ಜರ್ನಲ್" ಎಂದು ಈಗಲೂ ಜಾಹೀರಾತು ಕೊಡುವವರಿದ್ದರೆ ಎಚ್ಚರವಾಗಿರಿ.

ಒಳ್ಳೆಯ ಜರ್ನಲ್‌ನಲ್ಲಿ ಬಂದ ಪೇಪರನ್ನೂ ಆಮೇಲೆ ಹಿಂಪಡೆಯುವುದುಂಟು. ದಡಾರ ಮುಂತಾದವಕ್ಕೆ ಮಕ್ಕಳಿಗೆ ಹಾಕುವ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪೇಪರನ್ನು ಲ್ಯಾನ್ಸೆಟ್ ಹಿಂಪಡೆದದ್ದು 2010ರಲ್ಲಿ, ಹನ್ನೆರಡು ವರ್ಷದ ಮೇಲೆ. ಹಿಂಪಡೆದ ಪೇಪರ್‌ಗಳ ಪಟ್ಟಿಯನ್ನು ರಿಟ್ರಾಕ್ಷನ್ ವಾಚ್ ಎಂಬ ತಾಣ ಇಟ್ಟುಕೊಂಡಿದೆ. ನಿಮ್ಮ ವಾದಕ್ಕೆ ಆಧಾರವಾದ ನಾಲ್ಕೈದು ಪೇಪರ್‌ಗಳನ್ನಾದರೂ ಅಲ್ಲಿ ತಾಳೆ ನೋಡಿ.

ಚಾಟ್‌ಬಾಟ್ ಕೊಟ್ಟ ರೆಫರೆನ್ಸ್‌ಗಳ ಬಗ್ಗೆ ಒಂದು ಮಾತು. ಅವು ಇಲ್ಲದ ಪೇಪರನ್ನೂ ಇದ್ದ ಹಾಗೆಯೇ, ಜರ್ನಲ್ ಹೆಸರು, ವರ್ಷ, ಪುಟ ಸಮೇತ ಬರೆದುಕೊಡುತ್ತವೆ. ಈಚಿನ ಬಹುತೇಕ ಪೇಪರ್‌ಗಳಿಗೆ ಡಿಒಐ ಎಂಬ ಕಾಯಂ ನಂಬರ್ ಇರುತ್ತದೆ. ಅದನ್ನು ಡಿಒಐ ಸೈಟ್‌ನಲ್ಲಿ ಹಾಕಿ. ಅದೇ ಪೇಪರ್ ತೆರೆದರೆ ಸರಿ. ಬೇರೆಯದು ತೆರೆದರೆ, ಏನೂ ತೆರೆಯದಿದ್ದರೆ, ಬಿಟ್ಟುಬಿಡಿ.

ಹಂತ 9: ಜೋಡಿಸಿ ಇಟ್ಟುಕೊಳ್ಳಿ

ಝೊಟೆರೊ ಹಾಕಿಕೊಳ್ಳಿ. 2006ರಿಂದ ಇರುವ ಪುಕ್ಕಟೆ ಸಾಫ್ಟ್‌ವೇರ್. ಬ್ರೌಸರ್‌ನಲ್ಲಿ ಒಂದು ಬಟನ್ ಒತ್ತಿದರೆ ಪೇಪರ್‌ನ ವಿವರವೆಲ್ಲ ಒಳಗೆ ಸೇರುತ್ತದೆ. ಥೀಸಿಸ್ ಬರೆಯುವಾಗ ರೆಫರೆನ್ಸ್ ಪಟ್ಟಿ ತಾನೇ ತಯಾರಾಗುತ್ತದೆ. ಹಿಂಪಡೆದ ಪೇಪರ್ ಇದ್ದರೆ ಕೆಂಪು ಗುರುತಿನೊಂದಿಗೆ ಎಚ್ಚರಿಸುತ್ತದೆ. ಓದಿದ ಪ್ರತಿ ಪೇಪರ್‌ಗೆ ಅದರಲ್ಲೇ ಮೂರು ಸಾಲು ಟಿಪ್ಪಣಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ: ಏನು ಕೇಳಿದರು, ಹೇಗೆ ಮಾಡಿದರು, ಏನು ಸಿಕ್ಕಿತು. ಸ್ವಂತ ಭಾಷೆಯಲ್ಲಿ ಬರೆಯಲು ಆಗಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತ ತಿಳಿದು ಮತ್ತೆ ಓದಿ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ದಿನ, ಯಾವ ಡೇಟಾಬೇಸ್, ಯಾವ ಪದಗಳು, ಎಷ್ಟು ಫಲಿತಾಂಶ. ವೈವಾದಲ್ಲಿ "ಹೇಗೆ ಹುಡುಕಿದಿರಿ?" ಎಂದು ಕೇಳಿದರೆ ಆ ಪುಟವೇ ಉತ್ತರ.

ಹಂತ 10: ಹೊಸದು ತಾನಾಗಿಯೇ ಬರಲಿ

ಕೊನೆಯ ಕೆಲಸ ಹತ್ತು ನಿಮಿಷದ್ದು. ಪಬ್‌ಮೆಡ್‌ನಲ್ಲಿ ಪುಕ್ಕಟೆ ಖಾತೆ ತೆರೆದು, ಹಂತ 4ರಲ್ಲಿ ಕಟ್ಟಿದ ಹುಡುಕಾಟದ ಕೆಳಗೆ ಕ್ರಿಯೇಟ್ ಅಲರ್ಟ್ ಒತ್ತಿ. ವಾರಕ್ಕೊಮ್ಮೆ ಎಂದು ಆರಿಸಿ, ದಿನವನ್ನೂ ನೀವೇ ಆರಿಸಬಹುದು. ಗೂಗಲ್ ಸ್ಕಾಲರ್‌ನಲ್ಲಿ 2013ರ ಆ ಲಸಿಕೆ ಪೇಪರ್‌ನ ಸೈಟೆಡ್ ಬೈ ಪುಟಕ್ಕೆ ಹೋಗಿ ಅಲ್ಲೂ ಅಲರ್ಟ್ ಇಡಿ. ಇನ್ನು ಮೇಲೆ ಯಾರಾದರೂ ಆ ಕೆಲಸವನ್ನು ಮುಂದುವರಿಸಿ ಬರೆದರೆ ನಿಮಗೆ ಮೇಲ್ ಬರುತ್ತದೆ. ನಾನು ಶನಿವಾರ ಬೆಳಿಗ್ಗೆಗೆ ಇಟ್ಟುಕೊಂಡಿದ್ದೇನೆ. ಕಾಫಿ ಮುಗಿಯುವಷ್ಟರಲ್ಲಿ ಆ ವಾರದ ಶೀರ್ಷಿಕೆಗಳನ್ನೆಲ್ಲ ನೋಡಿ, ಬೇಕೆನಿಸಿದ ಒಂದೆರಡನ್ನು ಝೊಟೆರೊಗೆ ಹಾಕಿಕೊಳ್ಳುತ್ತೇನೆ.